ನೊಸ್ಫೆರಾಟು: ಪಿಶಾಚಿ ಮಟಮಟ ಮಧ್ಯಾಹ್ನ ಏಕೆ ಓಡಾಡುತ್ತದೆ?

ಓದುಮನೆ (ಸಾಗರ) ಕೇಳಿದ್ದು:

ನಮ್ಮ ಕಾಲೇಜಿನ ಸಿನಿಮಾ ಕೂಟದಲ್ಲಿ ಬರುವ ಶನಿವಾರ ಮುರ್ನೌ ನಿರ್ದೇಶಿಸಿದ 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ ತೋರಿಸಬೇಕೆಂದಿದ್ದೇವೆ. ನಾನು ಕನ್ನಡ ಪಾಠ ಮಾಡುವವಳು. ಸಿನಿಮಾದ ತಾಂತ್ರಿಕ ವಿಷಯ ನನಗೆ ಅಷ್ಟಕ್ಕಷ್ಟೆ. ವಿದ್ಯಾರ್ಥಿಗಳು ಅಲ್ಲಿ ಇಲ್ಲಿ ಹುಡುಕಿ ಪೆನ್ ಡ್ರೈವ್‌ನಲ್ಲಿ ಮೂರು ಪ್ರತಿ ತಂದುಕೊಟ್ಟಿದ್ದಾರೆ. ಮೂರೂ ಒಂದೇ ಚಿತ್ರ ಎಂದು ನಂಬುವುದೇ ಕಷ್ಟ.

ಮೊದಲನೆಯದು ಕಪ್ಪು ಬಿಳುಪು, 72 ನಿಮಿಷ. ಎಲ್ಲರೂ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ದಡಬಡನೆ ನಡೆಯುತ್ತಾರೆ. ಎರಡನೆಯದು 94 ನಿಮಿಷ. ಕೆಲವು ದೃಶ್ಯ ಹಳದಿ, ಕೆಲವು ನೀಲಿ, ಕೊನೆಗೆ ಗುಲಾಬಿ. ಮೂರನೆಯದನ್ನು ಯಾರೋ ಕಂಪ್ಯೂಟರಿನಲ್ಲಿ ತಿಕ್ಕಿ ನುಣುಪು ಮಾಡಿ, ಮುಖಗಳಿಗೆ ಮೈಬಣ್ಣ ಹಚ್ಚಿದ್ದಾರೆ. ಅದರಲ್ಲಿ ಚಿತ್ರದ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಮದುವೆ ಆಲ್ಬಮ್ಮಿನಲ್ಲಿ ನಿಂತ ಯಾರದೋ ದೊಡ್ಡಪ್ಪನಂತೆ ಕಾಣುತ್ತಾನೆ. ಹೆದರಿಕೆಯ ಮಾತು ದೂರವೇ ಉಳಿಯಿತು.

ಕಪ್ಪು ಬಿಳುಪಿನ ಪ್ರತಿ ನೋಡುವಾಗ ಒಬ್ಬ ಹುಡುಗ ಕೇಳಿದ: ‘ಮೇಡಂ, ಇವನು ಬಿಸಿಲು ತಾಗಿದರೆ ಸಾಯುತ್ತಾನೆ ಎಂದಿರಿ. ಇಲ್ಲಿ ನೋಡಿದರೆ ಹಾಡುಹಗಲಿನಲ್ಲಿ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ತಿರುಗುತ್ತಿದ್ದಾನಲ್ಲ?’ ಇಡೀ ತರಗತಿ ನಕ್ಕಿತು. ನನಗೂ ಉತ್ತರ ಹೊಳೆಯಲಿಲ್ಲ.

ಯಾವ ಪ್ರತಿ ತೋರಿಸಬೇಕು? ಆ ಹಳದಿ, ನೀಲಿ ಮೂಲದಲ್ಲೇ ಇದ್ದದ್ದೇ ಅಥವಾ ಆಮೇಲೆ ಬಳಿದದ್ದೇ? ಇನ್ನೊಂದು ಅನುಮಾನ: ಎರಡನೆಯ ಪ್ರತಿಯ ಆರಂಭದಲ್ಲಿ ಪ್ಯಾರಿಸ್‌ನ ಪ್ರತಿಯನ್ನು ಆಧರಿಸಿದ್ದು ಎಂದು ಬರೆದಿದೆ. ಜರ್ಮನ್ ಚಿತ್ರ ಪ್ಯಾರಿಸ್ಸಿಗೆ ಏಕೆ ಹೋಯಿತು?

ಕಪ್ಪುಬಿಳುಪು ಬರೆದದ್ದು:

ಯೋಚನೆಯೇ ಬೇಡ, ಮೊದಲನೆಯದನ್ನು ತೋರಿಸಿ. 1922ರಲ್ಲಿ ಬಣ್ಣದ ಚಿತ್ರ ಎಲ್ಲಿತ್ತು? ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದರಲ್ಲ, ಇದೂ ಅದೇ ಜಾತಿಯ ಕಸರತ್ತು. ಹಳೆಯದನ್ನು ಹಳೆಯದಾಗಿಯೇ ಇರಲು ಬಿಡುವುದಕ್ಕೆ ಈಗಿನವರಿಗೆ ಮನಸ್ಸಿಲ್ಲ. ಪಿಶಾಚಿ ಹಗಲಿನಲ್ಲಿ ತಿರುಗುವುದನ್ನು ನಿರ್ದೇಶಕನ ಸ್ವಾತಂತ್ರ್ಯ ಎಂದು ಹೇಳಿಬಿಡಿ.

ಹಳೆಯ ಆಪರೇಟರ್ ಬರೆದದ್ದು:

ಮೇಡಂ, ಆ ಹುಡುಗನಿಗೆ ನನ್ನ ಶಹಬ್ಬಾಸ್ ತಿಳಿಸಿ. ಅವನ ಪ್ರಶ್ನೆಯೇ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ.

ನಾನು ಹನ್ನೊಂದು ವರ್ಷ ಟೂರಿಂಗ್ ಟಾಕೀಸಿನಲ್ಲಿ, ಆಮೇಲೆ ಇಪ್ಪತ್ತು ವರ್ಷ ತಾಲ್ಲೂಕು ಕೇಂದ್ರದ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಡಿಜಿಟಲ್ ಬಂದ ಮೇಲೆ ಮನೆ ಸೇರಿದೆ. ಕಣ್ಣಿನ ಪೊರೆ ತೆಗೆಸಿಕೊಂಡು ಮೂರು ವಾರ ಸುಮ್ಮನೆ ಕೂತಿದ್ದಾಗ ಈ ಮೂಕಿ ಚಿತ್ರಗಳ ಹುಚ್ಚು ಹತ್ತಿತು. ಇನ್ನೂ ಇಳಿದಿಲ್ಲ.

ಈ ಚಿತ್ರ ತೆಗೆದ ಕಂಪನಿಯ ಹೆಸರು ಪ್ರಾಣ ಫಿಲ್ಮ್. ಹೌದು, ನಮ್ಮ ಪಂಚಪ್ರಾಣದ ‘ಪ್ರಾಣ’ವೇ. ಕೈಯಲ್ಲಿ ಕಾಸಿರಲಿಲ್ಲ. ಇದ್ದದ್ದು ಒಂದೇ ಕ್ಯಾಮೆರಾ. ಅಂದಿನ ಫಿಲ್ಮಿಗೆ ಕತ್ತಲಲ್ಲಿ ಏನೂ ಹಿಡಿಯುತ್ತಿರಲಿಲ್ಲ, ಕೆಂಪು ಬೆಳಕಂತೂ ಅದರ ಪಾಲಿಗೆ ಇಲ್ಲವೇ ಇಲ್ಲ. ಇಡೀ ಬೀದಿಗೆ ದೀಪ ಹಾಕಿ ರಾತ್ರಿಯಲ್ಲಿ ಚಿತ್ರಿಸುವುದು ಅವರಿಗೆ ಆಗದ ಮಾತು. ಅದಕ್ಕೆ ಹೊರಾಂಗಣದ ರಾತ್ರಿಗಳನ್ನು ಹಗಲಿನಲ್ಲೇ ತೆಗೆದರು. ಪ್ರಿಂಟು ಹಾಕಿದ ಮೇಲೆ ಆ ತುಂಡನ್ನು ನೀಲಿ ಬಣ್ಣದ ತೊಟ್ಟಿಯಲ್ಲಿ ಅದ್ದಿದರು. ಅಲ್ಲಿಗೆ ರಾತ್ರಿಯಾಯಿತು. ದೀಪ ಹಚ್ಚಿದ ಕೋಣೆಗೆ ಹಳದಿ, ಬೆಳಗಿನ ಜಾವಕ್ಕೆ ಗುಲಾಬಿ. ಮೂಕಿ ಕಾಲದ ಪ್ರೇಕ್ಷಕ ಈ ಲೆಕ್ಕವನ್ನು ಯಾರೂ ಹೇಳಿಕೊಡದೆ ಓದುತ್ತಿದ್ದ. ಯಕ್ಷಗಾನದಲ್ಲಿ ಮುಖದ ಬಣ್ಣ ನೋಡಿದೊಡನೆ ಬಂದವನು ರಾಕ್ಷಸ ಎಂದು ಹಳ್ಳಿಯ ಮಗುವಿಗೂ ತಿಳಿಯುವುದಿಲ್ಲವೇ, ಹಾಗೆ.

ಈಗ ಕಥೆ ನೋಡಿ. ಇದಕ್ಕೆ ಆಧಾರವಾದ ಬ್ರಾಮ್ ಸ್ಟೋಕರ್‌ನ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲೂ ಓಡಾಡಬಲ್ಲವನು. ಬಿಸಿಲು ತಾಗಿ ರಕ್ತಪಿಶಾಚಿ ಇಲ್ಲವಾಗುವ ಸಂಗತಿ ಬಂದದ್ದು ಈ ಚಿತ್ರದಿಂದ. ನಾಯಕಿ ಎಲೆನ್ ಅವನನ್ನು ಕೋಳಿ ಕೂಗುವವರೆಗೂ ತಡೆದಿಟ್ಟುಕೊಳ್ಳುತ್ತಾಳೆ, ಬೆಳಕು ಬರುತ್ತದೆ, ಅವನು ಹೊಗೆಯಾಗುತ್ತಾನೆ. ಇಡೀ ಚಿತ್ರ ನಿಂತಿರುವುದೇ ಹಗಲು ರಾತ್ರಿಯ ಗೆರೆಯ ಮೇಲೆ. ನೀಲಿ ತೆಗೆದರೆ ಆ ಗೆರೆಯೇ ಅಳಿಸಿಹೋಗುತ್ತದೆ. ನಿಮ್ಮ ಹುಡುಗರು ನಕ್ಕದ್ದು ನ್ಯಾಯ.

ಹಾಗಾದರೆ ಕಪ್ಪು ಬಿಳುಪು ಎಲ್ಲಿಂದ ಬಂತು? ಆಗಿನ ಫಿಲ್ಮು ನೈಟ್ರೇಟಿನದು. ಕಿಡಿ ತಾಗಿದರೆ ಮುಗಿಯಿತು, ನೀರಿಗೆ ಹಾಕಿದರೂ ಆರದೆ ಉರಿಯುತ್ತದೆ. ಬೆಂಕಿ ಬೀಳದಿದ್ದರೂ ಡಬ್ಬದೊಳಗೇ ಕೊಳೆಯುತ್ತದೆ: ಮೊದಲು ಅಂಟು ಅಂಟು, ಆಮೇಲೆ ಜೇನಿನ ಹಾಗೆ, ಕೊನೆಗೆ ಕಂದು ಪುಡಿ. ಅದಕ್ಕೆ ಹೆದರಿ ಆಮೇಲಿನವರು ಹಳೆಯ ಪ್ರತಿಗಳನ್ನು ಸುಲಭಕ್ಕೆ ಬೆಂಕಿ ಹಿಡಿಯದ ಸೇಫ್ಟಿ ಫಿಲ್ಮಿಗೆ ಇಳಿಸಿಕೊಂಡರು. ಖರ್ಚು ಉಳಿಯಲಿ ಎಂದು ಇಳಿಸಿದ್ದು ಕಪ್ಪು ಬಿಳುಪಿಗೆ. ಆದ್ದರಿಂದ, ಕಪ್ಪುಬಿಳುಪು ಅವರೇ, ನೀವು ಮೂಲ ಎಂದು ಹೇಳುತ್ತಿರುವುದು ಬಣ್ಣದ ನಕಾಶೆಯ ಜೆರಾಕ್ಸ್. ‘ಕಸ್ತೂರಿ ನಿವಾಸ’ ಕಪ್ಪು ಬಿಳುಪಿನಲ್ಲೇ ಬಿಡುಗಡೆಯಾಗಿತ್ತು. ಇದು ಹಾಗಲ್ಲ.

ವೇಗದ ಮಾತು. ಮೂಲದ ಉದ್ದ 1967 ಮೀಟರ್. 35 ಎಂ.ಎಂ. ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು (ಫ್ರೇಮ್). ಸೆಕೆಂಡಿಗೆ 18 ಚೌಕಟ್ಟಿನಂತೆ ಓಡಿಸಿದರೆ ಒಂದು ಗಂಟೆ ಮೂವತ್ತೈದು ನಿಮಿಷದ ಆಸುಪಾಸು, ಟಾಕಿಯ ವೇಗವಾದ 24ರಲ್ಲಿ ಓಡಿಸಿದರೆ 72 ನಿಮಿಷ. ನಿಮ್ಮ ಮೊದಲ ಪ್ರತಿಯ ಅಳತೆ ಕರಾರುವಾಕ್ಕಾಗಿ ಅದೇ. ಆ ದಡಬಡ ಮುರ್ನೌ ಮಾಡಿಸಿದ್ದಲ್ಲ, ನನ್ನಂಥ ಯಾವನೋ ತಪ್ಪು ವೇಗದಲ್ಲಿ ಓಡಿಸಿದ್ದು.

ನಮ್ಮವರ ತಪ್ಪು ಅಷ್ಟಕ್ಕೇ ನಿಲ್ಲುವುದಿಲ್ಲ. ಬಣ್ಣದಲ್ಲಿ ಅದ್ದಿದ ತುಂಡುಗಳನ್ನು ಬೇರೆ ಬೇರೆ ಒಣಗಿಸಿ ಆಮೇಲೆ ಒಂದಕ್ಕೊಂದು ಸೇರಿಸುತ್ತಿದ್ದರು. ಅಂದರೆ ಬಣ್ಣ ಬದಲಾದಲ್ಲೆಲ್ಲ ಒಂದು ಜಾಯಿಂಟ್. ಜಾಯಿಂಟ್ ಇದ್ದಲ್ಲಿ ಫಿಲ್ಮು ಕಿತ್ತುಕೊಳ್ಳುವುದು ಸಹಜ. ನಾನು ಹಾಕಿದ ಜಾಯಿಂಟುಗಳಿಗೆ ಲೆಕ್ಕವಿಲ್ಲ. ತುದಿಯನ್ನು ನೇರ ಕತ್ತರಿಸಬೇಕು, ನಾಲಿಗೆಯಿಂದ ಒಂದಿಷ್ಟು ತೇವ ಮಾಡಿ ಬ್ಲೇಡಿನಿಂದ ಎಮಲ್ಷನ್ (ಚಿತ್ರ ಮೂಡಿರುವ ಲೇಪ) ಕೆರೆಯಬೇಕು, ಫಿಲ್ಮ್ ಸಿಮೆಂಟನ್ನು ಒಂದೇ ಎಳೆ ಸವರಿ, ಇನ್ನೊಂದು ತುದಿ ಕೂರಿಸಿ, ಹೆಬ್ಬೆರಳಿನಲ್ಲಿ ಒತ್ತಿ ಇಪ್ಪತ್ತು ಎಣಿಸಬೇಕು. ಹತ್ತು ಎಣಿಸುವುದರೊಳಗೆ ಟೆಂಟಿನಿಂದ ಶಿಳ್ಳೆ, ಬೈಗುಳ. ಪ್ರತಿ ಸಲ ಎರಡು ಮೂರು ಚೌಕಟ್ಟು ಹೋಗುತ್ತಿತ್ತು. ಆ ಚೂರುಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಹುಡುಗರಿಗೆ ಕೊಡುತ್ತಿದ್ದೆ. ನಾಯಕನ ಮುಖ ಇದ್ದರೆ ಎರಡು ಬೀಡಿ ಸಿಗುತ್ತಿತ್ತು. ಹತ್ತು ಊರು ಸುತ್ತಿದ ಪ್ರಿಂಟಿನಲ್ಲಿ ಹಾಡಿನ ಪಲ್ಲವಿಯ ಅರ್ಧವೇ ಇರುತ್ತಿರಲಿಲ್ಲ. ಗೀರುಗಳಂತೂ ಸರಿಯೇ ಸರಿ. ‘ಮಳೆ ಬರುತ್ತಿದೆ’ ಎಂದು ನಾವೇ ಹೇಳಿಕೊಂಡು ನಗುತ್ತಿದ್ದೆವು.

ಇಂಥ ಮಳೆಯ ಕಥೆ ಒಂದಿದೆ, ಅದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಬಿಡುಗಡೆಯಾದಾಗ 4189 ಮೀಟರ್ ಇತ್ತು. ಕೆಲವೇ ತಿಂಗಳಲ್ಲಿ ಕತ್ತರಿಸಿ ಕುಗ್ಗಿಸಿದರು. ಪೂರ್ತಿ ಚಿತ್ರ ಹೋಯಿತು ಎಂದೇ ಎಂಬತ್ತು ವರ್ಷ ಎಲ್ಲರೂ ನಂಬಿದ್ದರು. ಅರ್ಜೆಂಟೀನಾದ ಹಂಚಿಕೆದಾರನೊಬ್ಬ ಮಾತ್ರ ಕತ್ತರಿ ಬೀಳುವುದಕ್ಕೆ ಮುಂಚಿನ ಪ್ರತಿಯನ್ನು ಬ್ಯೂನಸ್ ಐರಿಸ್‌ಗೆ ಒಯ್ದಿದ್ದ. ಅದು ಕೈಯಿಂದ ಕೈಗೆ ದಾಟಿ, ಸಂಗ್ರಾಹಕರೊಬ್ಬರ ಬಳಿ ಇದ್ದು, ಕೊನೆಗೆ ಅಲ್ಲಿನ ಸಿನಿಮಾ ವಸ್ತುಸಂಗ್ರಹಾಲಯ ಸೇರಿತು. ಅಲ್ಲಿನ ಫಿಲ್ಮ್ ಕ್ಲಬ್ಬಿನ ಹಿರಿಯರೊಬ್ಬರು ಸಿನಿಮಾ ಇತಿಹಾಸಕಾರ ಫರ್ನಾಂಡೊ ಪೆನ್ಯಾ ಎದುರು ಮಾತಿಗೆ ಮಾತು ಬಂದಾಗ ಗೊಣಗಿದರಂತೆ: ಆ ಪ್ರಿಂಟು ಅಲುಗಾಡುತ್ತಿತ್ತು, ಎರಡು ಗಂಟೆಗೂ ಹೆಚ್ಚು ಹೊತ್ತು ಪ್ರೊಜೆಕ್ಟರಿನ ಗೇಟಿಗೆ ಬೆರಳು ಒತ್ತಿ ಹಿಡಿದು ನಿಲ್ಲಬೇಕಾಯಿತು ಎಂದು. ಬೇರೆ ಯಾರಾದರೂ ಆಗಿದ್ದರೆ ‘ಅಯ್ಯೋ ಪಾಪ’ ಎಂದು ಸುಮ್ಮನಾಗುತ್ತಿದ್ದರು. ಪೆನ್ಯಾ ಕಿವಿಗೆ ಬಿದ್ದದ್ದು ‘ಎರಡು ಗಂಟೆಗೂ ಹೆಚ್ಚು’. ಲೋಕಕ್ಕೆ ಗೊತ್ತಿದ್ದ ಚಿತ್ರ ಅಷ್ಟು ಉದ್ದವಿರಲಿಲ್ಲವಲ್ಲ! ಆ ಡಬ್ಬ ತೆರೆಸಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಪೌಲಾ ಫೆಲಿಕ್ಸ್ ದಿದಿಯರ್ ಅಲ್ಲಿನ ಸಿನಿಮಾ ವಸ್ತುಸಂಗ್ರಹಾಲಯದ ಮುಖ್ಯಸ್ಥೆಯಾದ ಮೇಲೆ, 2008ರಲ್ಲಿ, ಇಬ್ಬರೂ ಕೂತು ನೋಡಿದರು. ಸುಮಾರು 25 ನಿಮಿಷದ ಕಾಣೆಯಾದ ಭಾಗ ಅಲ್ಲಿತ್ತು.

ಆದರೆ ಎಂಥ ಸ್ಥಿತಿಯಲ್ಲಿ! ನೈಟ್ರೇಟಿಗೆ ಹೆದರಿ ಅದನ್ನು 1970ರ ದಶಕದಲ್ಲಿ 16 ಎಂ.ಎಂ.ಗೆ ಇಳಿಸಿದ್ದರು, ಒರೆಸದೆಯೇ. ಮಳೆಯೆಲ್ಲ ಚಿತ್ರದೊಳಗೇ ಅಚ್ಚಾಗಿ ಕೂತಿದೆ. ಜೊತೆಗೆ ಚೌಕಟ್ಟಿನ ಎಡಬದಿ, ಮೇಲ್ಭಾಗ ಒಂದಿಷ್ಟು ಕತ್ತರಿಸಿಹೋಗಿದೆ. 2010ರ ಪ್ರತಿ ನೋಡಿದರೆ ಹೊಸದಾಗಿ ಸೇರಿದ ಭಾಗ ಯಾವುದು ಎಂದು ಯಾರೂ ಹೇಳಬೇಕಾಗಿಲ್ಲ. ಮಳೆ ಶುರುವಾದ ಕೂಡಲೇ ಗೊತ್ತಾಗುತ್ತದೆ, ಕತ್ತರಿಸಿಹೋದ ಅಂಚಿನಲ್ಲಿ ಕಪ್ಪು ಹಾಗೆಯೇ ಬಿಟ್ಟಿದ್ದಾರೆ. ನನಗೆ ತುಂಬ ಹಿಡಿಸಿದ್ದು ಅದೇ. ನಮ್ಮಲ್ಲಿ ಜೀರ್ಣೋದ್ಧಾರ ಎಂದರೆ ಹೊಯ್ಸಳರ ಕಂಬಕ್ಕೆ ಎನಾಮಲ್ ಬಳಿದು, ನೆಲಕ್ಕೆ ಟೈಲ್ಸ್ ಹಾಕಿ, ದಾನಿಗಳ ಹೆಸರಿನ ಕಲ್ಲು ನೆಡುವುದು. ನಿಮ್ಮ ಮೂರನೆಯ ಪ್ರತಿ ಆ ಜಾತಿಯದು. ದಯವಿಟ್ಟು ಅಳಿಸಿಹಾಕಿ.

ಎರಡನೆಯದನ್ನೇ ತೋರಿಸಿ. ಪ್ಯಾರಿಸ್ಸಿನ ವಿಷಯ ಬಲ್ಲವರು ಹೇಳಲಿ, ನನ್ನ ಕೈ ನೋಯುತ್ತಿದೆ.

ರೈನ್ ದಡದಿಂದ ಬರೆದದ್ದು:

ಆಪರೇಟರ್ ಸರ್, ನಿಮ್ಮ ಬೆಂಕಿಪೊಟ್ಟಣದ ಮಾತು ಓದಿ ನಮ್ಮ ತಂದೆ ನೆನಪಾದರು. ಅವರ ಬಳಿಯೂ ಅಂಥದೊಂದು ಪೊಟ್ಟಣವಿತ್ತು, ಬಿಸಿಲಿಗೆ ಹಿಡಿದು ತೋರಿಸುತ್ತಿದ್ದರು.

ನಾನಿರುವುದು ವೀಸ್‌ಬಾಡೆನ್‌ನಲ್ಲಿ. ಮುರ್ನೌ ಹೆಸರಿನ ಪ್ರತಿಷ್ಠಾನ ಇಲ್ಲಿಯೇ ಇದೆ, 1966ರಿಂದ. ಅವರದೇ ಸಣ್ಣ ಚಿತ್ರಮಂದಿರವೂ ಇದೆ. ಆಸ್ಪತ್ರೆಯ ಪಾಳಿ ಮುಗಿಸಿ ಎಷ್ಟೋ ಸಂಜೆ ಅಲ್ಲಿ ಕೂತಿದ್ದೇನೆ.

ಪ್ಯಾರಿಸ್ ಏಕೆ ಎಂದರೆ, ಪ್ರಾಣ ಫಿಲ್ಮ್ ಸ್ಟೋಕರ್ ಕುಟುಂಬದ ಅನುಮತಿ ಕೇಳಿರಲಿಲ್ಲ. ಹೆಸರು ಬದಲಿಸಿದರೆ ಸಾಕು ಎಂದುಕೊಂಡರು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ದಾವೆ ಹೂಡಿದರು. ಅಷ್ಟರಲ್ಲಿ ಕಂಪನಿ ದಿವಾಳಿಯಾಗಿತ್ತು. ಹೆಸರಿನಲ್ಲಿ ಪ್ರಾಣವಿದ್ದದ್ದು ಒಂದೇ ಚಿತ್ರಕ್ಕೆ ಪ್ರಾಣ ಬಿಟ್ಟಿತು. 1925ರಲ್ಲಿ ನ್ಯಾಯಾಲಯ ಎಲ್ಲ ಪ್ರತಿ ನಾಶ ಮಾಡಿ ಎಂದಿತು. ಮೂಲ ನೆಗೆಟಿವ್ ಹೋಯಿತು. ಆದರೆ ಹೊರದೇಶಕ್ಕೆ ಮಾರಾಟವಾಗಿದ್ದ ಪ್ರತಿಗಳನ್ನು ಹಿಂದಕ್ಕೆ ಕರೆಸುವವರು ಯಾರು? ಹೀಗೆ ಉಳಿದವುಗಳಲ್ಲಿ ಒಂದು, 1922ರದೇ, ದೃಶ್ಯಗಳ ನಡುವೆ ಫ್ರೆಂಚ್ ಬರಹದ ಫಲಕಗಳಿದ್ದ ಬಣ್ಣದ ನೈಟ್ರೇಟ್ ಪ್ರತಿ, ಪ್ಯಾರಿಸ್‌ನ ಸಿನೆಮಾಟೆಕ್ ಎಂಬ ಚಿತ್ರಸಂಗ್ರಹಾಲಯದಲ್ಲಿತ್ತು. ಲೂಸಿಯಾನೊ ಬೆರಿಯಾಟುವಾ ಪ್ರತಿಷ್ಠಾನಕ್ಕಾಗಿ 2005-06ರಲ್ಲಿ ಮಾಡಿದ ಕೆಲಸಕ್ಕೆ ಅದೇ ಆಧಾರ. ಅದರಲ್ಲಿ ಇಲ್ಲದ ದೃಶ್ಯಗಳನ್ನು ಜೆಕ್ ದೇಶಕ್ಕೆ ಹೋಗಿದ್ದ ಪ್ರತಿಯ ನಕಲಿನಿಂದ ಮತ್ತು 1930ರಲ್ಲಿ ಬೇರೆ ಹೆಸರಿನಲ್ಲಿ ಮಾರಿದ ಆವೃತ್ತಿಯಿಂದ ತಂದರು. ಜರ್ಮನ್ ಫಲಕಗಳು ಸಿಕ್ಕಿದ್ದು ಇನ್ನೊಂದು ಕಡೆ.

ಒಂದು ಸಣ್ಣ ಕೆಲಸ ಮಾಡಿ, ಮೇಡಂ. ಫಲಕಗಳು ಬಂದಾಗ ಮೂಲೆ ನೋಡಿ. ಕೆಲವದರ ಮೇಲೆ ಎಫ್‌.ಡಬ್ಲ್ಯು.ಎಂ.ಎಸ್. ಎಂಬ ಪುಟ್ಟ ಗುರುತು, ಪ್ರತಿಷ್ಠಾನದ ಹೆಸರಿನ ಮೊದಲಕ್ಷರಗಳು, ಇರುತ್ತದೆ. ಅವು ಕಳೆದುಹೋಗಿದ್ದ ಫಲಕಗಳು, ಹಳೆಯ ಅಕ್ಷರದ ಮಾದರಿಯಲ್ಲೇ ಹೊಸದಾಗಿ ಬರೆಸಿದ್ದು. ಇದು ನಾವು ಸೇರಿಸಿದ್ದು ಎಂದು ಸಹಿ ಹಾಕಿದ್ದಾರೆ.

ಇಲ್ಲಿ ‘ಡಾಕ್ಟರ್ ಕ್ಯಾಲಿಗರಿ’ಯ 2014ರ ಪ್ರತಿಯನ್ನು ಪಿಯಾನೊ ಜೊತೆ ನೋಡಿದೆ. 1920ರ ಚಿತ್ರ. ಅದಕ್ಕೆ ಕ್ಯಾಮೆರಾದಲ್ಲಿ ಓಡಿದ ನೆಗೆಟಿವ್ವೇ ಸಿಕ್ಕಿತ್ತು, ಮೊದಲ ರೀಲು ಒಂದನ್ನು ಬಿಟ್ಟು. ಮೊದಲ ರೀಲು ನೋಡುವಾಗ ಒಂದು ಮಂಜಿನ ಪರದೆ, ಅದು ದಾಟಿದ ಮೇಲೆ ಯಾರೋ ಕನ್ನಡಕ ಒರೆಸಿಕೊಟ್ಟ ಹಾಗೆ. ಆ ಚಿತ್ರದಲ್ಲಿ ನೆರಳನ್ನೂ ಬಣ್ಣದಿಂದ ಬಟ್ಟೆಯ ಮೇಲೆ ಬರೆದಿದ್ದಾರೆಂದು ಓದಿದ್ದೆ. ಈಗ ಕುಂಚದ ಒಂದೊಂದು ಎಳೆತವೂ ಕಾಣುತ್ತದೆ. ಗೋಡೆಗೆ ಸುಣ್ಣ ಹೊಡೆಯುವವನ ಕೈ ಎಲ್ಲಿ ನಿಂತಿತು ಎಂದು ಹೇಳಬಹುದು. ಅದರ ಕೆಲಸ ನಡೆದದ್ದು ಇಟಲಿಯ ಬೊಲೊನ್ಯದ ಪ್ರಯೋಗಾಲಯದಲ್ಲಿ. ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಹೊಸ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರಲ್ಲ, ಅದೂ ಅದೇ ಪ್ರಯೋಗಾಲಯದ್ದು. ಅಂದು ಮನೆಗೆ ಬಂದು ಮಗಳಿಗೆ ಹೇಳಿದೆ, ಅವಳಿಗೆ ಎರಡೂ ಸಮನಾಗಿ ಬೇಡ.

ಕಪ್ಪುಬಿಳುಪು ಬರೆದದ್ದು:

ಸರಿ, ಜೆರಾಕ್ಸ್ ಏಟು ತಿಂದೆ, ಒಪ್ಪಿಕೊಂಡೆ. ಆದರೆ ಪೂರ್ತಿ ಶರಣಾಗುವುದಿಲ್ಲ. ಬಣ್ಣದಲ್ಲಿ ಅದ್ದುವ ಕೆಲಸ ಪ್ರತಿ ಪ್ರಿಂಟಿಗೂ ಬೇರೆ ಬೇರೆಯಾಗಿ ಆಗುತ್ತಿತ್ತು ಎಂದಮೇಲೆ, ಪ್ಯಾರಿಸ್‌ನ ಪ್ರತಿಯ ನೀಲಿ ಬರ್ಲಿನ್‌ನ ಪ್ರೇಕ್ಷಕ ಕಂಡ ನೀಲಿಯೇ ಎಂದು ಯಾರು ಪ್ರಮಾಣ ಮಾಡುತ್ತಾರೆ? ಸಂಗೀತದ್ದೂ ಅದೇ ಕಥೆ. ಹಾನ್ಸ್ ಎರ್ಡ್‌ಮನ್ ಈ ಚಿತ್ರಕ್ಕೆ ಬರೆದ ಸ್ವರಲಿಪಿಯ ಬಹುಭಾಗ ಕಳೆದುಹೋಗಿದೆ, ಈಗ ಕೇಳುವುದು ಮರುಜೋಡಣೆ. ‘ಮೂಲ’ ಎಂಬ ಮಾತನ್ನು ನೀವೂ ಸ್ವಲ್ಪ ಹಗುರವಾಗಿ ಬಳಸಿ.

ಹಳೆಯ ಆಪರೇಟರ್ ಬರೆದದ್ದು:

ಇದು ಸರಿಯಾದ ತಕರಾರು. ಪ್ರಮಾಣ ಮಾಡುವವರು ಯಾರೂ ಇಲ್ಲ. ಮುರ್ನೌನದೇ ‘ಫೌಸ್ಟ್’ ಇನ್ನೂ ಮೋಜಿನದು. ಬೇರೆ ಬೇರೆ ದೇಶಕ್ಕೆಂದು ಬೇರೆ ಬೇರೆ ನೆಗೆಟಿವ್ ಕಟ್ಟಿದರು, ಒಂದೊಂದರಲ್ಲಿ ಒಂದೊಂದು ಟೇಕ್. ಒಂದು ಪ್ರತಿಯಲ್ಲಿ ಕರಡಿಯ ವೇಷ ಹಾಕಿದ ಮನುಷ್ಯ, ಇನ್ನೊಂದರಲ್ಲಿ ನಿಜವಾದ ಕರಡಿ. ಎರಡನ್ನೂ ಮುರ್ನೌನೇ ತೆಗೆದದ್ದು. ಯಾವುದು ಮೂಲ, ಹೇಳಿ? ನನ್ನ ವೋಟು ವೇಷದ ಕರಡಿಗೆ.

ಓದುಮನೆ ಬರೆದದ್ದು:

ಎಲ್ಲರಿಗೂ ವಂದನೆ. ಕರಡಿಯ ಮಾತು ಓದುವವರೆಗೂ ನಾನು ಇದನ್ನು ಹೊರಗಿನ ವಿಷಯ ಎಂದುಕೊಂಡಿದ್ದೆ. ಇದು ನಮ್ಮ ಗ್ರಂಥಸಂಪಾದನೆಯಲ್ಲವೇ! ಕವಿಯ ಕೈಬರಹದ ಓಲೆ ಇಲ್ಲ. ಇರುವುದೆಲ್ಲ ಲಿಪಿಕಾರರ ಪ್ರತಿ. ಒಬ್ಬ ಸಾಲು ಬಿಟ್ಟಿದ್ದಾನೆ, ಇನ್ನೊಬ್ಬ ತನ್ನದನ್ನು ಸೇರಿಸಿದ್ದಾನೆ, ಮತ್ತೊಂದರ ಅಂಚನ್ನು ಗೆದ್ದಲು ತಿಂದಿದೆ. ಸಂಪಾದಕ ಒಂದನ್ನು ಆಧಾರವಾಗಿಟ್ಟುಕೊಂಡು ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಊಹೆ ಮಾಡಿದ್ದನ್ನು ಕಂಸದಲ್ಲಿ ಹಾಕುತ್ತಾನೆ. ಆ ಮೂಲೆಯ ಗುರುತು ನಮ್ಮ ಕಂಸವೇ. ಆಪರೇಟರ್ ಸರ್, ನೀವು ಬೇಸರ ಮಾಡಿಕೊಳ್ಳದಿದ್ದರೆ, ನಮ್ಮ ಲೆಕ್ಕದಲ್ಲಿ ನೀವು ಸಾಲು ಬಿಡುವ ಲಿಪಿಕಾರರು.

ಹಾಗೆಯೇ ಒಂದು ಹೊಟ್ಟೆಕಿಚ್ಚು. ನಮ್ಮ ಮೊದಲ ಟಾಕಿ ‘ಸತಿ ಸುಲೋಚನಾ’ 1934ರದು, ಇವರ ಚಿತ್ರಕ್ಕಿಂತ ಹನ್ನೆರಡು ವರ್ಷ ಚಿಕ್ಕದು. ಅದರ ಒಂದು ಪ್ರತಿಯೂ ಉಳಿದಿಲ್ಲ. ಯಾವ ಕೋರ್ಟೂ ಅದನ್ನು ಸುಡಲು ಹೇಳಿರಲಿಲ್ಲ.

ಶನಿವಾರದ ವರದಿ: ಎರಡನೆಯ ಪ್ರತಿ ತೋರಿಸಿದೆವು. ನಲವತ್ತು ಜನ ಬಂದಿದ್ದರು, ಕಿಟಕಿಗೆ ಕಟ್ಟಿದ ಜಮಖಾನ ಎರಡು ಸಲ ಬಿತ್ತು. ಊರಿಗೆ ಮಾರಿ ಬಡಿದು ಮನೆಗಳ ಬಾಗಿಲಿಗೆ ಸೀಮೆಸುಣ್ಣದಿಂದ ಶಿಲುಬೆ ಗೀಚುವ ದೃಶ್ಯದಲ್ಲಿ ಹಿಂದಿನ ಬೆಂಚಿನಿಂದ ಯಾರೋ ‘ನಾಳೆ ಬಾ ಎಂದು ಬರೆಯಬೇಕಿತ್ತು’ ಎಂದರು, ಒಂದು ನಿಮಿಷ ಚಿತ್ರ ಯಾರಿಗೂ ಬೇಡವಾಯಿತು. ಶವಪೆಟ್ಟಿಗೆ ಹೊತ್ತು ನಡೆಯುವಾಗ ಮಾತ್ರ ಈ ಸಲ ನಗೆ ಏಳಲಿಲ್ಲ. ಪರದೆ ನೀಲಿಯಿತ್ತು, ಜಮಖಾನದ ಸಂದಿಯಿಂದ ಬಂದ ಒಂದು ಪಟ್ಟಿ ಬಿಸಿಲು ಅವನ ಎದೆಯ ಮೇಲೆ ಬಿದ್ದಿತ್ತು. ಪ್ರಶ್ನೆ ಕೇಳಿದ್ದ ಹುಡುಗನೇ ಎದ್ದು ಹೋಗಿ ಅದನ್ನು ಮುಚ್ಚಿದ.

ಮುಂದಿನ ತಿಂಗಳು ‘ಗೋಲೆಮ್’, 1920ರದು. ಯಾವ ಪ್ರತಿ ಎಂದು ಈಗಲೇ ಹೇಳಿಬಿಡಿ.

ಹಳೆಯ ಆಪರೇಟರ್ ಬರೆದದ್ದು:

2018ರದು. ಬ್ರಸೆಲ್ಸ್‌ನಲ್ಲಿದ್ದ ಮೂಲ ನೆಗೆಟಿವ್‌ನಿಂದ ಮಾಡಿದ್ದು. ಲಿಪಿಕಾರ ಎಂದದ್ದಕ್ಕೆ ಬೇಸರವಿಲ್ಲ, ಮನೆಯಲ್ಲಿ ಓದಿ ಹೇಳಿದೆ. ಜಮಖಾನಕ್ಕೆ ನಾಲ್ಕು ಮೊಳೆ ಜಾಸ್ತಿ ಹೊಡೆಸಿ.